ಮೊಮ್ಮಗನಿಗೆ ಪಿಚರ್ ಆಗುವ ಆಸೆ, ಮೊಣಕೈ ನೋವು: ಈಗ ಏನು ಮಾಡುವುದು?

ಪ್ರಶ್ನೆ: ನಾನು ಶಿವಮೊಗ್ಗದ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಮಗಳು, ಅಳಿಯ ಅಮೆರಿಕದ ಟೆಕ್ಸಾಸ್‌ನಲ್ಲಿದ್ದಾರೆ. ಮೊಮ್ಮಗನಿಗೆ 14 ವರ್ಷ, ಬೇಸ್‌ಬಾಲ್ ಅಂದರೆ ಪ್ರಾಣ. ಬಲಗೈ ಪಿಚರ್, ಅಂದರೆ ಬ್ಯಾಟರ್‌ಗೆ ಬಾಲ್ ಎಸೆಯುವವನು. ದೊಡ್ಡವನಾದ ಮೇಲೆ ಇದೇ ನನ್ನ ಕೆಲಸ ಅನ್ನುತ್ತಾನೆ. ಎರಡು ತಿಂಗಳಿಂದ ಮೊಣಕೈ ಒಳಬದಿಯಲ್ಲಿ ನೋವು. ಡಾಕ್ಟರು ಸದ್ಯಕ್ಕೆ ಎಸೆಯುವುದನ್ನು ನಿಲ್ಲಿಸು ಅಂದಿದ್ದಾರೆ. ಹುಡುಗ ಊಟ ಬಿಟ್ಟು ಕೂತಿದ್ದಾನೆ. ಅವನ ಟೀಮಿನ ಇನ್ನೊಬ್ಬ ಹುಡುಗನ ತಂದೆ, 'ಟಾಮಿ ಜಾನ್ ಮಾಡಿಸಿಬಿಡಿ, ಆಮೇಲೆ ಬಾಲ್ ಇನ್ನೂ ಸ್ಪೀಡಾಗಿ ಹೋಗುತ್ತೆ' ಅಂತ ಮಗಳಿಗೆ ಹೇಳಿದರಂತೆ. ಅವಳಿಗೆ ಗಾಬರಿ. ಟಾಮಿ ಜಾನ್ ಅಂದರೆ ಏನು? ಪಿಚರ್ ಆಗಿ ಬದುಕುವುದು ಅಂದರೆ ಹೇಗಿರುತ್ತದೆ? ನನಗೆ ಗೊತ್ತಿರುವುದು ಕ್ರಿಕೆಟ್ ಮಾತ್ರ.

ಉತ್ತರ: ಮೇಷ್ಟ್ರೇ, ಮೊದಲು ನಿಮ್ಮ ಮಗಳ ಗಾಬರಿಗೆ ಉತ್ತರ. ಆಮೇಲೆ ಟಾಮಿ ಜಾನ್ ಕಥೆ ಹೇಳುತ್ತೇನೆ. ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಆ ಕಥೆಯ ಒಳಗೇ ಇದೆ.

ಟಾಮಿ ಜಾನ್ ಅನ್ನುವುದು ಒಬ್ಬ ಪಿಚರ್ ಹೆಸರು. ಈಗ ಅದು ಒಂದು ಆಪರೇಷನ್ ಹೆಸರಾಗಿಬಿಟ್ಟಿದೆ. ಮೊಣಕೈ ಒಳಬದಿಯ ಲಿಗಮೆಂಟ್, ಅಂದರೆ ಮೂಳೆಗೆ ಮೂಳೆ ಕಟ್ಟುವ ಪಟ್ಟಿ ಹರಿದಾಗ, ಮೈಯ ಬೇರೆ ಕಡೆಯಿಂದ ಒಂದು ಟೆಂಡನ್ (ಮಾಂಸಖಂಡವನ್ನು ಮೂಳೆಗೆ ಕಟ್ಟುವ ನಾರು) ತೆಗೆದು ಆ ಜಾಗಕ್ಕೆ ಕೂರಿಸುತ್ತಾರೆ. ಅಷ್ಟೇ ವಿಷಯ. ಲಿಗಮೆಂಟ್ ಹರಿಯದೆ ಅದರ ಮಾತೇ ಬರಬಾರದು.

ಇನ್ನು 14 ವರ್ಷದ ಹುಡುಗನ ವಿಷಯ. ಈ ವಯಸ್ಸಲ್ಲಿ ಮೊಣಕೈ ಒಳಬದಿ ನೋಯುತ್ತಿದ್ದರೆ, ಬಹಳ ಸಲ ಏಟು ಬಿದ್ದಿರುವುದು ಲಿಗಮೆಂಟಿಗೆ ಅಲ್ಲ. ಬೆಳೆಯುವ ಮಕ್ಕಳ ಮೂಳೆಯ ತುದಿಯಲ್ಲಿ ಇನ್ನೂ ಗಟ್ಟಿಯಾಗದ ಒಂದು ಮೆತ್ತನೆಯ ಪದರ ಇರುತ್ತದೆ. ಗ್ರೋತ್ ಪ್ಲೇಟ್ ಅನ್ನುತ್ತಾರೆ. ಮೂಳೆ ಉದ್ದವಾಗುವುದು ಅಲ್ಲಿಂದಲೇ. ಆ ವಯಸ್ಸಲ್ಲಿ ಲಿಗಮೆಂಟಿಗಿಂತ ಈ ಪದರವೇ ಮೆದು. ಹಗ್ಗ ಗಟ್ಟಿ ಇದ್ದು ಗೂಟ ನೆಟ್ಟ ಮಣ್ಣು ಸಡಿಲ ಇದ್ದರೆ ಏನಾಗುತ್ತದೆ? ಎಳೆದಾಗ ಗೂಟ ಅಲ್ಲಾಡುತ್ತದೆ. ಹಗ್ಗ ಹರಿಯುವುದಿಲ್ಲ. ಇದಕ್ಕೆ ಅಮೆರಿಕದಲ್ಲಿ ಮಕ್ಕಳ ಬೇಸ್‌ಬಾಲ್ ಲೀಗಿನ ಹೆಸರಿಟ್ಟು ಲಿಟಲ್ ಲೀಗ್ ಎಲ್ಬೋ ಅಂತಲೇ ಕರೆಯುತ್ತಾರೆ, ಅಷ್ಟು ಮಾಮೂಲಿ. ಇದಕ್ಕೆ ಮದ್ದು ಎಸೆಯದೆ ಇರುವುದು. ಕೆಲವರಿಗೆ ಆರು ವಾರ ಸಾಕು, ಕೆಲವರಿಗೆ ಮೂರು ತಿಂಗಳೂ ಬೇಕು. ನೋವು ಪೂರ್ತಿ ಹೋದ ಮೇಲೆ ಮೆಲ್ಲಗೆ, ಹತ್ತಿರದಿಂದ, ಕಡಿಮೆ ಸಂಖ್ಯೆಯಲ್ಲಿ ಶುರು ಮಾಡಬೇಕು. ನೋವು ನುಂಗಿಕೊಂಡು ಎಸೆಯುತ್ತಾ ಹೋದರೆ ಮೂಳೆಯ ಚೂರೇ ಕಿತ್ತು ಬರಬಹುದು. ಆಗ ಮಾತ್ರ ಕಥೆ ಬೇರೆ.

ಹಾಗಾಗಿ ನಿಮ್ಮ ಮಗಳು ಡಾಕ್ಟರ ಹತ್ತಿರ ಒಂದೇ ಪ್ರಶ್ನೆ ಕೇಳಲಿ: 'ಇದು ಗ್ರೋತ್ ಪ್ಲೇಟ್ ನೋವಾ, ಲಿಗಮೆಂಟ್ ನೋವಾ?' ಎಕ್ಸ್‌ರೇ, ಬೇಕಿದ್ದರೆ ಎಂಆರ್‌ಐ ನೋಡಿ ಅವರು ಹೇಳುತ್ತಾರೆ. ನಿಲ್ಲಿಸು ಅಂದಿದ್ದಾರೆ ಅಂದರೆ ಆ ಡಾಕ್ಟರು ಸರಿಯಾದ ದಾರಿಯಲ್ಲೇ ಇದ್ದಾರೆ.

ಆಪರೇಷನ್ ಮಾಡಿಸಿದರೆ ಬಾಲ್ ಸ್ಪೀಡಾಗುತ್ತದೆ ಅನ್ನುವ ಮಾತು ಅಪ್ಪಟ ಸುಳ್ಳು. ಇದನ್ನು ನಾನು ತುಂಬಾ ಕಡೆ ಕೇಳಿದ್ದೇನೆ. ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ಹೊಸ ಟೆಂಡನ್ನಿನಿಂದ ಯಾರ ಬಾಲೂ ವೇಗ ಪಡೆಯುವುದಿಲ್ಲ. ಆಪರೇಷನ್ ಆದವರು ಒಂದು ವರ್ಷ, ಒಂದೂವರೆ ವರ್ಷ ಕಾಲು, ಸೊಂಟ, ಭುಜ ಎಲ್ಲ ಗಟ್ಟಿ ಮಾಡಿಕೊಂಡು ಬರುತ್ತಾರೆ. ಹುಡುಗರಾದರೆ ಆ ಹೊತ್ತಿಗೆ ಎರಡು ಇಂಚು ಎತ್ತರವೂ ಬೆಳೆದಿರುತ್ತಾರೆ. ಅದನ್ನು ನೋಡಿದವರು ಆಪರೇಷನ್ ಮಹಿಮೆ ಅಂದುಕೊಳ್ಳುತ್ತಾರೆ. ಚೆನ್ನಾಗಿರುವ ಮೊಣಕೈಯನ್ನು ಕೊಯ್ಯಿಸಿಕೊಂಡು ಯಾರೂ ಒಳ್ಳೆಯ ಪಿಚರ್ ಆಗಲಿಲ್ಲ. ಆಪರೇಷನ್ ಆದವರಲ್ಲಿ ಹತ್ತಕ್ಕೆ ಸುಮಾರು ಎಂಟು ಜನ ಮತ್ತೆ ಆಟಕ್ಕೆ ಬರುತ್ತಾರೆ. ಅಂದರೆ ಇಬ್ಬರು ಬರುವುದಿಲ್ಲ. ಆ ಇಬ್ಬರ ಮನೆಯವರನ್ನು ಯಾರೂ ಮಾತಾಡಿಸುವುದಿಲ್ಲ, ಅಷ್ಟೇ.

ನೀವು ಕ್ರಿಕೆಟ್ ಬಲ್ಲವರು. ಅಲ್ಲಿಂದಲೇ ಶುರು ಮಾಡೋಣ. ನಮ್ಮ ಫಾಸ್ಟ್ ಬೌಲರ್ ಓಡಿ ಬರುತ್ತಾನೆ. ಬಾಲ್ ಬಿಡುವಾಗ ಮಡಚಿದ ಮೊಣಕೈಯನ್ನು 15 ಡಿಗ್ರಿಗಿಂತ ಜಾಸ್ತಿ ನೆಟ್ಟಗೆ ಮಾಡುವ ಹಾಗಿಲ್ಲ. ಆ ಓಟದ ಭಾರವೆಲ್ಲ ಮುಂದಿನ ಕಾಲಿಗೆ, ಬೆನ್ನಿಗೆ ಬೀಳುತ್ತದೆ. ಅದಕ್ಕೇ ಬುಮ್ರಾಗೆ ಬೆನ್ನಿನ ಕಾಟ. ನನ್ನ ಹತ್ತಿರ ಬರುವ ಹುಡುಗ ಬೌಲರ್‌ಗಳೂ ಹೆಚ್ಚಾಗಿ ಸೊಂಟ ಹಿಡಿದುಕೊಂಡೇ ಬರುತ್ತಾರೆ. ಪಿಚರ್‌ಗೆ ಓಟ ಇಲ್ಲ. ಒಂದು ಸಣ್ಣ ಮಣ್ಣಿನ ದಿಬ್ಬದ ಮೇಲೆ ನಿಂತಲ್ಲೇ ನಿಂತು ಎಸೆಯಬೇಕು. ಅರವತ್ತು ಅಡಿ ಆರು ಇಂಚು ದೂರ, ಅಂದರೆ 18.4 ಮೀಟರ್. ನಮ್ಮ ಪಿಚ್‌ಗಿಂತ ಸ್ವಲ್ಪ ಕಡಿಮೆ. ಬಾಲ್ ಕೂಡ ಕ್ರಿಕೆಟ್ ಬಾಲಿಗಿಂತ ಒಂದಿಷ್ಟು ಹಗುರ. ಆದರೆ ಓಟದ ನೆರವಿಲ್ಲದೆ ಅಷ್ಟು ವೇಗ ಬರಬೇಕಲ್ಲ. ಅದಕ್ಕಾಗಿ ಮೊಣಕೈ ಮಡಚಿ, ಮುಂಗೈಯನ್ನು ಹಿಂದಕ್ಕೆ ಪೂರ್ತಿ ಬಾಗಿಸಿ, ಚಾಟಿ ಬೀಸಿದ ಹಾಗೆ ಎಸೆಯುತ್ತಾರೆ.

ಆ ಹಿಂದಕ್ಕೆ ಬಾಗಿದ ಕ್ಷಣ ಇದೆಯಲ್ಲ, ಅಲ್ಲೇ ಅಪಾಯ. ನಿಮ್ಮ ಮೊಣಕೈ ಒಳಬದಿಯಲ್ಲಿ ಒಂದು ಮೂಳೆಯ ಗುಬುಟು ಸಿಗುತ್ತದೆ, ಮುಟ್ಟಿ ನೋಡಿ. ಗೋಡೆಗೆ ತಾಗಿದರೆ ಕರೆಂಟ್ ಹೊಡೆದ ಹಾಗೆ ಕಿರುಬೆರಳವರೆಗೂ ಝುಂ ಅನ್ನುತ್ತದಲ್ಲ, ಅದೇ ಜಾಗ. ಆ ಝುಂ ಅನ್ನಿಸುವ ನರ ಗುಬುಟಿನ ಹಿಂದೆಯೇ ಹೋಗುತ್ತದೆ. ಗುಬುಟಿನ ಕೆಳಗಿಂದ ಮುಂಗೈ ಮೂಳೆಗೆ ಒಂದು ಚಿಕ್ಕ ಪಟ್ಟಿ ಕಟ್ಟಿದೆ. ಅದೇ ಆ ಲಿಗಮೆಂಟ್. ಒಂದು ಜೋರು ಪಿಚ್‌ನಲ್ಲಿ ಮೊಣಕೈಗೆ ಬೀಳುವ ತಿರುಚು ಬಲವನ್ನು ಆ ಪಟ್ಟಿ ಒಂದೇ ಹೊರಲಾರದು. ಸುತ್ತಲಿನ ಮಾಂಸಖಂಡಗಳು ಪಾಲು ಹೊರುವುದರಿಂದ ಅದು ಉಳಿದಿದೆ. ಮಾಂಸಖಂಡ ದಣಿದರೆ? ಅದರ ಪಾಲೂ ಪಟ್ಟಿಯ ತಲೆಗೇ ಬೀಳುತ್ತದೆ. ನಾನು ಇಷ್ಟು ವರ್ಷ ಭುಜ, ಮೊಣಕೈ ನೋಡುವ ಫಿಸಿಯೋ ಆಗಿ ಕಲಿತಿದ್ದರಲ್ಲಿ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿಲ್ಲ. ಪಟ್ಟಿ ಹರಿಯುವುದು ಒಂದು ಬಾಲಿನಿಂದಲ್ಲ, ದಣಿದ ಮೇಲೂ ಎಸೆದ ನೂರಾರು ಬಾಲುಗಳಿಂದ.

ಈಗ ಟಾಮಿ ಜಾನ್ ಅವರ ಕಥೆಗೆ ಬರೋಣ. 1943ರಲ್ಲಿ ಇಂಡಿಯಾನಾ ರಾಜ್ಯದ ಟೆರೆ ಹೋಟ್ ಊರಲ್ಲಿ ಹುಟ್ಟಿದವರು. ಎಡಗೈ ಪಿಚರ್. 1961ರಲ್ಲಿ ಕ್ಲೀವ್‌ಲ್ಯಾಂಡ್ ಟೀಮ್ ಸೇರಿದರು, 1963ರಲ್ಲಿ ಅಲ್ಲಿನ ಅತಿ ದೊಡ್ಡ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್‌ನಲ್ಲಿ ಮೊದಲ ಆಟ. ಆಮೇಲೆ ಶಿಕಾಗೊ ವೈಟ್ ಸಾಕ್ಸ್‌ನಲ್ಲಿ ಏಳು ವರ್ಷ. 1971ರ ಕೊನೆಗೆ ಡಿಕ್ ಆಲನ್ ಅನ್ನುವ ದೊಡ್ಡ ಬ್ಯಾಟರ್‌ಗೆ ಬದಲಾಗಿ ಅವರನ್ನು ಲಾಸ್ ಏಂಜಲಿಸ್ ಡಾಡ್ಜರ್ಸ್‌ಗೆ ಕೊಟ್ಟರು. ಅಲ್ಲಿ ಹಾಗೆ ಆಟಗಾರರನ್ನು ಅದಲು ಬದಲು ಮಾಡುವುದು ಮಾಮೂಲು. ಸಾಮಾನು ಕಟ್ಟಿಕೊಂಡು ಹೊರಡಬೇಕು.

ಅವರದು ಭಾರೀ ವೇಗದ ಕೈ ಅಲ್ಲ. ಅವರ ಅಸ್ತ್ರ ಸಿಂಕರ್. ಬ್ಯಾಟರ್ ಹತ್ತಿರ ಬರುತ್ತಾ ಬರುತ್ತಾ ಕೆಳಕ್ಕೆ ಕುಸಿಯುವ ಬಾಲ್. ಬ್ಯಾಟರ್ ಬೀಸುತ್ತಾನೆ, ತಾಗುತ್ತದೆ, ಆದರೆ ಬಾಲ್ ನೆಲಕ್ಕೆ ಬಿದ್ದು ಫೀಲ್ಡರ್ ಕೈಗೆ ಉರುಳುತ್ತದೆ. ನಮ್ಮ ಪ್ರಸನ್ನ ಅವರು ಬಾಲನ್ನು ಗಾಳಿಯಲ್ಲಿ ತೇಲಿಸಿ ಬ್ಯಾಟ್ಸ್‌ಮನ್ನನ್ನು ಮುಂದಕ್ಕೆ ಕರೆದು ಔಟ್ ಮಾಡುತ್ತಿದ್ದರಲ್ಲ, ಆ ಜಾತಿಯ ಜಾಣತನ.

1974ರಲ್ಲಿ ಅವರಿಗೆ 31 ವರ್ಷ. ಆ ಸೀಸನ್ನಿನಲ್ಲಿ 13 ಗೆಲುವು, ಮೂರೇ ಸೋಲು. ಬೇಸ್‌ಬಾಲ್‌ನಲ್ಲಿ ಟೀಮ್ ಗೆದ್ದಾಗ ಆ ಗೆಲುವನ್ನು ಒಬ್ಬ ಪಿಚರ್ ಲೆಕ್ಕಕ್ಕೆ ಬರೆಯುತ್ತಾರೆ. ಜುಲೈ 17ರಂದು ಡಾಡ್ಜರ್ ಸ್ಟೇಡಿಯಂನಲ್ಲಿ ಮಾಂಟ್ರಿಯಲ್ ವಿರುದ್ಧ ಆಟ. ಒಂದು ಸಿಂಕರ್ ಎಸೆಯುವಾಗ ಎಡ ಮೊಣಕೈಯಲ್ಲಿ ಏನೋ ಬಿಟ್ಟುಹೋಯಿತು. ಇನ್ನೊಂದು ಎಸೆದು ನೋಡಿದರು. ಆಗಲಿಲ್ಲ. ದಿಬ್ಬ ಇಳಿದು ನಡೆದುಬಿಟ್ಟರು.

ಆ ಕಾಲದಲ್ಲಿ ಇದು ಪಿಚರ್ ಕೆಲಸದ ಕೊನೆ ಅಂತಲೇ ಲೆಕ್ಕ. 'ಕೈ ಸತ್ತುಹೋಯಿತು' ಅನ್ನುತ್ತಿದ್ದರು. ಎಷ್ಟೋ ಜನ ಹಾಗೆ ಹೆಸರಿಲ್ಲದೆ ಮನೆಗೆ ಹೋದರು. ಅದೇ ಡಾಡ್ಜರ್ಸ್‌ನ ಸ್ಯಾಂಡಿ ಕೋಫ್ಯಾಕ್ಸ್ 1966ರಲ್ಲಿ 27 ಗೆಲುವು ಕಂಡ ಸೀಸನ್ ಮುಗಿಸಿ, ಮೊಣಕೈಯ ಸಂಧಿವಾತ ತಾಳಲಾರದೆ 30ನೇ ವಯಸ್ಸಿಗೇ ಆಟ ಬಿಟ್ಟಿದ್ದರು.

ಡಾಡ್ಜರ್ಸ್ ಟೀಮಿನ ಡಾಕ್ಟರು ಫ್ರ್ಯಾಂಕ್ ಜೋಬ್. ಅವರು ಜಾನ್‌ಗೆ ನೇರವಾಗಿ ಹೇಳಿದರು: ಮೊದಲಿನ ಹಾಗೆ ಆಡುವ ಅವಕಾಶ ನೂರಕ್ಕೆ ಒಂದು. ಜಾನ್ ಒಪ್ಪಿದರು. 1974ರ ಸೆಪ್ಟೆಂಬರ್ 25ಕ್ಕೆ ಆಪರೇಷನ್ ಆಯಿತು.

ಏನು ಮಾಡಿದರು ಅಂತ ನಿಮ್ಮ ಕೈಯಲ್ಲೇ ತೋರಿಸುತ್ತೇನೆ. ಅಂಗೈ ಮೇಲೆ ಮಾಡಿ. ಹೆಬ್ಬೆರಳು, ಕಿರುಬೆರಳು ಎರಡರ ತುದಿ ಸೇರಿಸಿ. ಈಗ ಮಣಿಕಟ್ಟನ್ನು ಸ್ವಲ್ಪ ಒಳಕ್ಕೆ ಮಡಚಿ. ಮಣಿಕಟ್ಟಿನ ನಡುವೆ ತಂತಿಯ ಹಾಗೆ ಒಂದು ಎದ್ದು ನಿಂತಿತಲ್ವಾ? ಅದು ಪಾಲ್ಮಾರಿಸ್ ಲಾಂಗಸ್ ಅನ್ನುವ ಟೆಂಡನ್. ನಿಮಗೆ ಕಾಣದಿದ್ದರೆ ಹೆದರಬೇಡಿ, ಹುಟ್ಟಾ ಅದು ಇಲ್ಲದವರು ಬೇಕಾದಷ್ಟು ಜನ ಇದ್ದಾರೆ. ಇಲ್ಲದಿದ್ದರೂ ಕೈಗೆ ಏನೂ ಕೊರತೆ ಇಲ್ಲ. ಅದಕ್ಕೇ ಅದನ್ನು ಬೇರೆ ಕಡೆಗೆ ಬಳಸಬಹುದು. ಜೋಬ್ ಅವರು ಜಾನ್ ಅವರ ಬಲಗೈಯಿಂದ ಆ ಟೆಂಡನ್ ತೆಗೆದರು. ಎಡ ಮೊಣಕೈಯ ಎರಡೂ ಮೂಳೆಗಳಲ್ಲಿ ಸಣ್ಣ ತೂತು ಕೊರೆದರು. ಮಂಚಕ್ಕೆ ನವಾರ ಹೆಣೆದ ಹಾಗೆ ಆ ತೂತುಗಳಲ್ಲಿ ಟೆಂಡನ್ನನ್ನು ದಾಟಿಸಿ ಬಿಗಿದರು. ಹೀಗೆ ಬಲಗೈಯ ಟೆಂಡನ್ ಎಡಗೈಯ ಲಿಗಮೆಂಟ್ ಆಯಿತು.

ಆದರೆ ಕಥೆ ಅಲ್ಲಿಗೆ ಸುಖವಾಗಿ ಮುಗಿಯಲಿಲ್ಲ. ಆ ಝುಂ ಅನ್ನುವ ನರ ಇದೆಯಲ್ಲ, ಅದಕ್ಕೆ ಪೆಟ್ಟಾಗಿತ್ತು. ಎಡಗೈ ಬೆರಳುಗಳು ಹಕ್ಕಿ ಕಾಲಿನ ಹಾಗೆ ಸೊಟ್ಟಗೆ ಮಡಚಿಕೊಂಡವು. ಡಿಸೆಂಬರ್‌ನಲ್ಲಿ ನರಕ್ಕಾಗಿ ಮತ್ತೊಂದು ಆಪರೇಷನ್. ಬೆರಳಿಗೆ ಶಕ್ತಿ ಇಲ್ಲ, ಬಾಲ್ ನಿಲ್ಲುವುದಿಲ್ಲ. 1975ರ ವಸಂತದಲ್ಲಿ ಬೆರಳುಗಳನ್ನು ಟೇಪಿನಿಂದ ಸೇರಿಸಿ ಕಟ್ಟಿಕೊಂಡು ಎಸೆಯಲು ಶುರು ಮಾಡಿದರು. ನರ ಬೆಳೆಯುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ಮೊಣಕೈಯಿಂದ ಬೆರಳ ತುದಿವರೆಗೆ ಎಷ್ಟು ದೂರ ಲೆಕ್ಕ ಹಾಕಿ. ಬೇಗ ಆಗು ಅಂದರೆ ಆಗುವುದಿಲ್ಲ. ಇಡೀ 1975ರ ಸೀಸನ್ ಅವರು ಆಡಲಿಲ್ಲ. ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ದೊಡ್ಡ ವರ್ಷ ಅದೇ ಅನ್ನಿಸುತ್ತದೆ. ದಾಖಲೆ ಪುಸ್ತಕದಲ್ಲಿ ಅವರ ಹೆಸರಿನ ಎದುರು ಆ ವರ್ಷಕ್ಕೆ ಏನೂ ಇಲ್ಲ, ಖಾಲಿ.

1976ರ ಏಪ್ರಿಲ್‌ನಲ್ಲಿ ಮತ್ತೆ ದಿಬ್ಬ ಹತ್ತಿದರು. ಆ ವರ್ಷ 10 ಗೆಲುವು, 10 ಸೋಲು. 1977ರಲ್ಲಿ 20 ಗೆಲುವು. ನ್ಯೂಯಾರ್ಕ್ ಯಾಂಕೀಸ್‌ಗೆ ಹೋದ ಮೇಲೆ 1979ರಲ್ಲಿ 21, 1980ರಲ್ಲಿ 22. ಕೊನೆಯ ಆಟ 1989ರ ಮೇ ತಿಂಗಳಲ್ಲಿ, 46ನೇ ವಯಸ್ಸಿಗೆ. ಅಷ್ಟು ಹೊತ್ತಿಗೆ ಅವರ ಹಲ್ಲಿನ ಡಾಕ್ಟರ ಮಗ ಮಾರ್ಕ್ ಮೆಕ್‌ಗ್ವಾಯರ್ ಕೂಡ ಮೇಜರ್ ಲೀಗ್ ಬ್ಯಾಟರ್ ಆಗಿ ಎದುರಿಗೆ ನಿಂತಿದ್ದರು. ಒಟ್ಟು 26 ಸೀಸನ್, 288 ಗೆಲುವು. ಆಪರೇಷನ್ನಿಗೆ ಮುಂಚೆ 124, ಆಮೇಲೆ 164. ಅಂದರೆ ಅರ್ಧಕ್ಕಿಂತ ದೊಡ್ಡ ಪಾಲು ಆ ಬಲಗೈ ಟೆಂಡನ್ನಿನ ಮೇಲೆ ಬಂದದ್ದು.

ಇಷ್ಟೆಲ್ಲ ಆದರೂ ಮೇಜರ್ ಲೀಗ್‌ನ ಫೈನಲ್ ಆದ ವರ್ಲ್ಡ್ ಸೀರೀಸ್ ಗೆಲ್ಲುವ ಭಾಗ್ಯ ಅವರಿಗೆ ಬರಲಿಲ್ಲ. 1977, 1978ರಲ್ಲಿ ಡಾಡ್ಜರ್ಸ್‌ನಲ್ಲಿದ್ದಾಗ ಯಾಂಕೀಸ್ ಗೆದ್ದಿತು. 1981ರಲ್ಲಿ ಯಾಂಕೀಸ್‌ನಲ್ಲಿದ್ದಾಗ ಡಾಡ್ಜರ್ಸ್ ಗೆದ್ದಿತು. ಬೇಸ್‌ಬಾಲ್ ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್‌ಗೂ ಅವರನ್ನು ಇನ್ನೂ ಸೇರಿಸಿಲ್ಲ. 2024ರ ಡಿಸೆಂಬರ್‌ನಲ್ಲಿ ಮತ ಹಾಕಿದಾಗ ಆಯ್ಕೆಯಾದ ಇಬ್ಬರಲ್ಲಿ ಒಬ್ಬರು ಯಾರು ಗೊತ್ತಾ? ಅವರಿಗೆ ಬದಲಾಗಿ ಕೊಟ್ಟಿದ್ದ ಅದೇ ಡಿಕ್ ಆಲನ್. ಜಾನ್‌ಗೆ ಮತ ಸಾಲಲಿಲ್ಲ. ನನ್ನ ಮಟ್ಟಿಗೆ ಇದು ಅನ್ಯಾಯ. ಮೇಜರ್ ಲೀಗ್ ಪಿಚರ್‌ಗಳಲ್ಲಿ ಇವತ್ತು ಮೂರಕ್ಕೆ ಒಬ್ಬರಿಗಿಂತ ಜಾಸ್ತಿ ಜನ ಈ ಆಪರೇಷನ್ ಆದವರು. ಅವರೆಲ್ಲ ಆಡುತ್ತಿರುವುದು ಒಬ್ಬ ಮನುಷ್ಯ ನೂರಕ್ಕೆ ಒಂದು ಅವಕಾಶಕ್ಕೆ ಕೈ ಒಡ್ಡಿದ್ದರಿಂದ.

ಇಲ್ಲಿ ನಿಮ್ಮ ಮೊಮ್ಮಗನಿಗೆ ಬೇಕಾದ ಮಾತು ಇದೆ ಮೇಷ್ಟ್ರೇ. ನಿಲ್ಲಿಸು ಅಂದಾಗ ಅವನಿಗೆ ತನ್ನ ಕೆಲಸವೇ ನಿಂತುಹೋಯಿತು ಅನ್ನಿಸಿದೆ. ಆದರೆ ಪಿಚರ್ ಕೆಲಸದಲ್ಲಿ ಎಸೆಯದ ದಿನಗಳೇ ಜಾಸ್ತಿ. ಮೇಜರ್ ಲೀಗ್ ಟೀಮ್ ವರ್ಷಕ್ಕೆ 162 ಆಟ ಆಡುತ್ತದೆ. ಆಟ ಶುರು ಮಾಡುವ ಪಿಚರ್ ಅದರಲ್ಲಿ ಇಳಿಯುವುದು ಸುಮಾರು 32 ಆಟಕ್ಕೆ. ಒಂದು ದಿನ 90, 100 ಬಾಲ್ ಎಸೆದರೆ ಮುಂದಿನ ನಾಲ್ಕು ದಿನ ಆಟಕ್ಕೆ ಇಳಿಯುವ ಹಾಗಿಲ್ಲ. ಆ ನಾಲ್ಕು ದಿನ ಸುಮ್ನೆ ಕೂರುವುದಿಲ್ಲ. ಒಂದು ದಿನ ಹಗುರ ಓಟ, ಒಂದು ದಿನ ಕಾಲಿಗೆ ಕಸರತ್ತು, ನಡುವೆ ಒಂದು ದಿನ ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಬಾಲ್ ಹಿಡಿಯುವವನು) ಜೊತೆ ಸಣ್ಣ ಅಭ್ಯಾಸ, ಮುಂದಿನ ಟೀಮಿನ ಬ್ಯಾಟರ್‌ಗಳ ವೀಡಿಯೊ. ಅವರ ದೃಷ್ಟಿಯಲ್ಲಿ ಇದೆಲ್ಲವೂ ಎಸೆಯುವ ಕೆಲಸವೇ. ಅದನ್ನು 14ರಲ್ಲೇ ಕಲಿತರೆ ನಿಮ್ಮ ಹುಡುಗ ಬೇರೆಯವರಿಗಿಂತ ಮುಂದಿರುತ್ತಾನೆ.

ಬದುಕು ಹೇಗಿರುತ್ತದೆ ಅಂತ ಕೇಳಿದ್ದೀರಿ. ಟೀವಿಯಲ್ಲಿ ಕಾಣುವುದು ಗೋಪುರದ ಕಳಶ ಮಾತ್ರ. ಹೈಸ್ಕೂಲ್ ಅಥವಾ ಕಾಲೇಜು ಮುಗಿಯುವಾಗ ಡ್ರಾಫ್ಟ್ ನಡೆಯುತ್ತದೆ. 30 ಟೀಮ್‌ಗಳು 20 ಸುತ್ತಿನಲ್ಲಿ ಹುಡುಗರನ್ನು ಆರಿಸುತ್ತವೆ. ಆರಿಸಿದವರೆಲ್ಲ ಮೇಜರ್ ಲೀಗ್‌ಗೆ ಹೋಗುವುದಿಲ್ಲ. ಅವರು ಹೋಗುವುದು ಮೈನರ್ ಲೀಗ್‌ಗೆ. ಮೊದಲು ಫ್ಲಾರಿಡಾ ಅಥವಾ ಅರಿಜೋನಾದ ತರಬೇತಿ ಲೀಗ್, ಅಲ್ಲಿಂದ ಸಿಂಗಲ್ ಎ, ಹೈ ಎ, ಡಬಲ್ ಎ, ಟ್ರಿಪಲ್ ಎ. ಒಂದೊಂದು ಮೆಟ್ಟಿಲಿಗೂ ವರ್ಷ, ಎರಡು ವರ್ಷ. ಸಣ್ಣ ಸಣ್ಣ ಊರುಗಳು, ರಾತ್ರಿಯಿಡೀ ಬಸ್ ಪ್ರಯಾಣ. ಹೆಚ್ಚಿನವರು ಮೇಲಿನ ಮೆಟ್ಟಿಲು ನೋಡುವ ಮುಂಚೆಯೇ ಆಟ ಬಿಡುತ್ತಾರೆ.

ದುಡ್ಡಿನ ಮಾತು ಚಿಕ್ಕದಾಗಿ ಹೇಳಿಬಿಡುತ್ತೇನೆ. 2023ರ ಒಪ್ಪಂದದಲ್ಲಿ ಟ್ರಿಪಲ್ ಎ ಆಟಗಾರನ ಕನಿಷ್ಠ ಸಂಬಳ ವರ್ಷಕ್ಕೆ 35,800 ಡಾಲರ್ ಅಂತ ಆಯಿತು. ಅದಕ್ಕೂ ಮುಂಚೆ ಇದರ ಅರ್ಧವೂ ಇರಲಿಲ್ಲ. ಮೇಜರ್ ಲೀಗ್‌ಗೆ ಕಾಲಿಟ್ಟರೆ ಕನಿಷ್ಠವೇ 2025ರಲ್ಲಿ 7,60,000 ಡಾಲರ್. ಎರಡರ ನಡುವೆ ಎಷ್ಟು ಅಂತರ ನೋಡಿ. ಆರು ವರ್ಷ ಮೇಜರ್ ಲೀಗ್‌ನಲ್ಲಿ ಉಳಿದರೆ ಮಾತ್ರ ಬೇಕಾದ ಟೀಮ್ ಜೊತೆ ಬೆಲೆ ಮಾತಾಡಿಕೊಳ್ಳುವ ಸ್ವಾತಂತ್ರ್ಯ ಸಿಗುತ್ತದೆ.

ನಮ್ಮ ದೇಶದಿಂದಲೂ ಇಬ್ಬರು ಈ ಮೆಟ್ಟಿಲು ಹತ್ತಲು ಹೋಗಿದ್ದರು. ಉತ್ತರ ಪ್ರದೇಶದ ರಿಂಕು ಸಿಂಗ್ (ಕ್ರಿಕೆಟ್ ಆಡುವ ರಿಂಕು ಅಲ್ಲ) ಮತ್ತು ದಿನೇಶ್ ಪಟೇಲ್. ಇಬ್ಬರೂ ಜಾವೆಲಿನ್ ಎಸೆಯುತ್ತಿದ್ದ ಹುಡುಗರು, ಬೇಸ್‌ಬಾಲ್ ಕಂಡವರೇ ಅಲ್ಲ. 2008ರಲ್ಲಿ ಭಾರತದಲ್ಲಿ ನಡೆದ ಎಸೆಯುವ ಸ್ಪರ್ಧೆಯಲ್ಲಿ ಎದ್ದು ಕಂಡರು. ಅದೇ ವರ್ಷದ ಕೊನೆಗೆ ಪಿಟ್ಸ್‌ಬರ್ಗ್ ಪೈರೇಟ್ಸ್ ಟೀಮ್ ಇಬ್ಬರನ್ನೂ ತೆಗೆದುಕೊಂಡಿತು. ದಿನೇಶ್ 2010ಕ್ಕೆ ವಾಪಸ್ ಬಂದರು. ಎಡಗೈ ಪಿಚರ್ ರಿಂಕು 2012ರಲ್ಲಿ ಸಿಂಗಲ್ ಎ ತನಕ ಹತ್ತಿದರು. ಆಮೇಲೆ ಗಾಯದ ಮೇಲೆ ಗಾಯ. ಕೊನೆಗೆ ಬೇಸ್‌ಬಾಲ್ ಬಿಟ್ಟು ಕುಸ್ತಿ ಪ್ರದರ್ಶನದ ಡಬ್ಲ್ಯುಡಬ್ಲ್ಯುಇ ಸೇರಿದರು, ಅಲ್ಲಿ ವೀರ್ ಮಹಾನ್ ಅಂತ ಹೆಸರಿತ್ತು. ಒಂದು ಹಳ್ಳಿಯಿಂದ ಹೊರಟು, ಗೊತ್ತಿಲ್ಲದ ಆಟ, ಗೊತ್ತಿಲ್ಲದ ಭಾಷೆ ಕಲಿತು ಅಷ್ಟು ಮೆಟ್ಟಿಲು ಹತ್ತಿದ್ದು ಸಣ್ಣ ಮಾತಲ್ಲ. ನನಗೆ ಆ ಹುಡುಗನ ಬಗ್ಗೆ ಬಹಳ ಗೌರವ.

ಈಗಿನ ತೊಂದರೆ ವೇಗದ್ದು. ಮೇಜರ್ ಲೀಗ್‌ನಲ್ಲಿ ಫಾಸ್ಟ್‌ಬಾಲ್‌ನ ಸರಾಸರಿ ವೇಗ 2008ರಲ್ಲಿ ಗಂಟೆಗೆ ಸುಮಾರು 147 ಕಿಲೋಮೀಟರ್ ಇತ್ತು. ಈಗ 151 ದಾಟಿದೆ. ಇದು ಸರಾಸರಿ! ಎಷ್ಟು ವೇಗ ಅನ್ನುವುದನ್ನು ನೋಡಿಯೇ ಹುಡುಗರನ್ನು ಆರಿಸುತ್ತಾರೆ. ಹಾಗಾಗಿ 13, 14 ವರ್ಷದ ಮಕ್ಕಳೂ ಪ್ರತಿ ಬಾಲನ್ನೂ ಮೈಯಲ್ಲಿರುವ ಶಕ್ತಿಯೆಲ್ಲ ಹಾಕಿ ಎಸೆಯುತ್ತಾರೆ. ಪಕ್ಕದಲ್ಲಿ ಅಪ್ಪ ಸ್ಪೀಡ್ ಗನ್ ಹಿಡಿದು ನಿಂತಿರುತ್ತಾನೆ. 2024ರ ಕೊನೆಗೆ ಮೇಜರ್ ಲೀಗ್ ತಾನೇ ಒಂದು ವರದಿ ಹೊರತಂದಿತು. ಪಿಚರ್‌ಗಳ ಗಾಯ ಇಷ್ಟು ಹೆಚ್ಚಲು ಈ ವೇಗದ ಬೆನ್ನು ಹತ್ತಿದ್ದೇ ದೊಡ್ಡ ಕಾರಣ ಅಂತ ಅದರಲ್ಲಿ ಒಪ್ಪಿಕೊಂಡಿತು.

ವೇಗ ಬೇಡ ಅನ್ನುತ್ತಿಲ್ಲ. ನೋಲನ್ ರಯಾನ್ ಭಯಂಕರ ವೇಗದವರು, ಅವರೂ 46ರವರೆಗೆ ಆಡಿದರು, 27 ಸೀಸನ್. ಆದರೆ ಅಂಥ ಮೈ ಎಲ್ಲರಿಗೂ ಬರುವುದಿಲ್ಲ. ದಾರಿ ಅದೊಂದೇ ಅಲ್ಲ ಅನ್ನುವುದಕ್ಕೆ ನನಗೆ ಇಷ್ಟವಾದ ಉದಾಹರಣೆ ಆರ್. ಎ. ಡಿಕಿ. 1996ರಲ್ಲಿ ಟೆಕ್ಸಾಸ್ ರೇಂಜರ್ಸ್ ಅವರನ್ನು ಮೊದಲ ಸುತ್ತಿನಲ್ಲೇ ಆರಿಸಿ 8,10,000 ಡಾಲರ್ ಕೊಡುವ ಮಾತಾಡಿತ್ತು. ಒಂದು ಪತ್ರಿಕೆಯ ಮುಖಪುಟದ ಫೋಟೊದಲ್ಲಿ ಅವರ ಬಲಗೈ ವಿಚಿತ್ರವಾಗಿ ಜೋತುಬಿದ್ದಿದ್ದನ್ನು ಟೀಮಿನವರು ಗಮನಿಸಿದರು. ಪರೀಕ್ಷೆ ಮಾಡಿಸಿದರೆ ಮೊಣಕೈಯಲ್ಲಿ ಆ ಲಿಗಮೆಂಟೇ ಇಲ್ಲ! ಕೊಡುವ ದುಡ್ಡು 75,000ಕ್ಕೆ ಇಳಿಯಿತು. ಹತ್ತು ವರ್ಷ ಅಲ್ಲಿ ಇಲ್ಲಿ ಒದ್ದಾಡಿ, ಕೊನೆಗೆ ನಕಲ್‌ಬಾಲ್ ಹಿಡಿದರು. ಉಗುರು ಊರಿ, ತಿರುಗದ ಹಾಗೆ ಮೆಲ್ಲಗೆ ತಳ್ಳುವ ಬಾಲ್ ಅದು. ಗಾಳಿಯಲ್ಲಿ ಎತ್ತ ಹೊರಳುತ್ತದೆ ಅಂತ ಎಸೆದವನಿಗೂ ಗೊತ್ತಿರುವುದಿಲ್ಲ. 2012ರಲ್ಲಿ, 38ರ ಹೊಸ್ತಿಲಲ್ಲಿ, ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಪಡೆದರು. ಅವರ ಕಥೆ ಓದಿದಾಗ ನನಗೆ ನೆನಪಾಗುವುದು ನಮ್ಮ ಮೈಸೂರಿನ ಬಿ. ಎಸ್. ಚಂದ್ರಶೇಖರ್. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಸೊರಗಿದ ಬಲಗೈ. ಅದೇ ಕೈಯಿಂದ 1971ರಲ್ಲಿ ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್ ತೆಗೆದು ಇಂಗ್ಲೆಂಡನ್ನು ಕೆಡವಿದರು. ನೀವು ರೇಡಿಯೊದಲ್ಲಿ ಕೇಳಿರಬೇಕು. ಮೊಮ್ಮಗನಿಗೆ ಅದನ್ನು ಹೇಳಿ.

ಈಗ ಮನೆಯಲ್ಲಿ ಮಾಡಬೇಕಾದದ್ದು. ಅಮೆರಿಕದಲ್ಲಿ ಮಕ್ಕಳಿಗಾಗಿ ಪಿಚ್ ಸ್ಮಾರ್ಟ್ ಅನ್ನುವ ನಿಯಮಗಳಿವೆ. 13, 14 ವರ್ಷದವರು ದಿನಕ್ಕೆ 95 ಬಾಲಿಗಿಂತ ಜಾಸ್ತಿ ಎಸೆಯಬಾರದು. 66 ಮುಟ್ಟಿದರೆ ನಾಲ್ಕು ದಿನ ವಿಶ್ರಾಂತಿ. 51ರಿಂದ 65 ಆದರೆ ಮೂರು ದಿನ, 36ರಿಂದ 50 ಆದರೆ ಎರಡು. ವರ್ಷದಲ್ಲಿ ನಾಲ್ಕು ತಿಂಗಳು ಎಸೆಯಲೇಬಾರದು, ಅದರಲ್ಲಿ ಎರಡು ಮೂರು ತಿಂಗಳು ಒಟ್ಟಿಗೇ ಬಿಡಬೇಕು. ಒಂದೇ ಆಟದಲ್ಲಿ ಪಿಚರ್ರೂ ಆಗಿ ಕ್ಯಾಚರ್ರೂ ಆಗಬಾರದು, ಯಾಕೆಂದರೆ ಕ್ಯಾಚರ್ ಕೂಡ ಪ್ರತಿ ಸಲ ಬಾಲ್ ವಾಪಸ್ ಎಸೆಯುತ್ತಾನೆ. ನಿಯಮ ಇದೆ, ಆದರೆ ಮಗು ಶಾಲೆಯ ಟೀಮಿಗೂ ಆಡುತ್ತದೆ, ವಾರಾಂತ್ಯದ ಕ್ಲಬ್ಬಿಗೂ ಆಡುತ್ತದೆ. ಇಬ್ಬರು ಕೋಚ್‌ಗಳೂ ತಮ್ಮ ತಮ್ಮ ಲೆಕ್ಕ ಬರೆಯುತ್ತಾರೆ. ಎರಡನ್ನೂ ಕೂಡುವವರು ಯಾರೂ ಇಲ್ಲ. ನನಗೆ ಕಂಡ ಹಾಗೆ ಎಷ್ಟೋ ಮಕ್ಕಳ ಮೊಣಕೈ ಹಾಳಾಗುವುದು ಇಲ್ಲೇ. ಆ ಕೂಡುವ ಕೆಲಸ ಮನೆಯವರದು.

ಅಲಬಾಮಾದ ಸಂಶೋಧಕರು ಗಾಯಗೊಂಡ ಮತ್ತು ಗಾಯಗೊಳ್ಳದ ಹುಡುಗ ಪಿಚರ್‌ಗಳನ್ನು ಹೋಲಿಸಿ ನೋಡಿದ್ದಾರೆ. ವರ್ಷಕ್ಕೆ ಎಂಟು ತಿಂಗಳಿಗಿಂತ ಜಾಸ್ತಿ ಪಿಚ್ ಮಾಡಿದವರಲ್ಲಿ ಆಪರೇಷನ್ ಬೇಕಾಗುವ ಸಂಭವ ಐದು ಪಟ್ಟು. ಕೈ ದಣಿದರೂ ಮತ್ತೆ ಮತ್ತೆ ಪಿಚ್ ಮಾಡಿದವರಲ್ಲಿ 36 ಪಟ್ಟು. ಟೆಕ್ಸಾಸ್‌ನಲ್ಲಿ ಚಳಿ ಕಡಿಮೆ, ವರ್ಷವಿಡೀ ಆಡಬಹುದು. ಹಾಗಾಗಿ ಅಲ್ಲಿ ಎಚ್ಚರ ಇನ್ನೂ ಜಾಸ್ತಿ ಬೇಕು. ಬಿಟ್ಟ ತಿಂಗಳುಗಳಲ್ಲಿ ಬೇರೆ ಆಟ ಆಡಲಿ. ಬ್ಯಾಸ್ಕೆಟ್‌ಬಾಲ್, ಓಟ, ಈಜು ಯಾವುದಾದರೂ ಸರಿ. ಟಾಮಿ ಜಾನ್ ಅವರೂ ಹೈಸ್ಕೂಲಿನಲ್ಲಿ ಒಳ್ಳೆಯ ಬ್ಯಾಸ್ಕೆಟ್‌ಬಾಲ್ ಆಟಗಾರ ಆಗಿದ್ದರು.

ನೀವು ಮೇಷ್ಟ್ರು, ಲೆಕ್ಕ ಬರೆಯುವುದು ನಿಮಗೆ ಹೊಸದಲ್ಲ. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಡಾಕ್ಟರು ಮತ್ತೆ ಎಸೆಯಬಹುದು ಅಂದ ಮೇಲೆ ಪ್ರತಿ ಭಾನುವಾರ ಮೊಮ್ಮಗ ಫೋನ್ ಮಾಡಿದಾಗ ಎಷ್ಟು ಸ್ಪೀಡ್ ಬಂತು ಅಂತ ಕೇಳಬೇಡಿ. ಶಾಲೆಯಲ್ಲಿ ಎಷ್ಟು ಬಾಲ್ ಎಸೆದೆ, ಕ್ಲಬ್ಬಿನಲ್ಲಿ ಎಷ್ಟು, ಎಷ್ಟು ದಿನ ಬಿಟ್ಟೆ, ಬೆಳಗ್ಗೆ ಹಲ್ಲುಜ್ಜುವಾಗ ಮೊಣಕೈ ನೋಯಿತಾ ಅಂತ ಕೇಳಿ ಬರೆದುಕೊಳ್ಳಿ. ಮೂರು ತಿಂಗಳಾದ ಮೇಲೆ ಆ ಪುಟಗಳ ಫೋಟೊ ತೆಗೆದು ನನಗೆ ಕಳಿಸಿ. ಡಾಕ್ಟರ ರಿಪೋರ್ಟ್ ಜೊತೆಗಿಟ್ಟು ನೋಡಿ, ಮುಂದಿನ ಸೀಸನ್ನಿಗೆ ಎಷ್ಟು ಬಾಲಿನಿಂದ ಶುರು ಮಾಡಬೇಕು ಅಂತ ಕೂತು ಲೆಕ್ಕ ಹಾಕೋಣ.